ಬಾಗಲಕೋಟೆಯ ಗೋಡೆ ಮೇಲಿನ ನಂಬರು

ನಾನು ಕೆಲಸ ಮಾಡುವ ಸಾಫ್ಟ್‌ವೇರ್ ರಿಯಲ್ ಎಸ್ಟೇಟ್ ಕಂಪನಿಗಳು ಬಳಸುವಂಥದ್ದು. ಅದರಲ್ಲಿ ‘ಸ್ಟೇಕ್‌ಹೋಲ್ಡರ್ ರಿಸ್ಕ್’ ಅಂತ ಒಂದು ಸ್ಕ್ರೀನ್ ಇದೆ. ಹಳೇ ಬಡಾವಣೆ ಕೆಡವಿ ಹೊಸದು ಕಟ್ಟುವಾಗ, ಜಾಗದ ಮೇಲೆ ತಕರಾರು ಇರುವಾಗ, ಯಾರು ಯಾರು ಅಡ್ಡ ಬರಬಹುದು ಅಂತ ಮೊದಲು ಪಟ್ಟಿ ಮಾಡಬೇಕು. ಪ್ರತಿ ಹೆಸರಿನ ಮುಂದೆ ಎರಡು ಡ್ರಾಪ್‌ಡೌನ್: ಇವರ ಶಕ್ತಿ ಎಷ್ಟು, ಇವರ ಆಸಕ್ತಿ ಎಷ್ಟು. ಎರಡೂ ಹೆಚ್ಚಿದ್ದವರನ್ನು ಹತ್ತಿರವಿಟ್ಟುಕೊಂಡು ನಿಭಾಯಿಸಿ ಅಂತ ಸ್ಕ್ರೀನ್ ಹೇಳುತ್ತದೆ. ಶಕ್ತಿ ಇದ್ದು ಆಸಕ್ತಿ ಇಲ್ಲದವರನ್ನು ಖುಷಿಯಾಗಿಡಿ. ಆಸಕ್ತಿ ಹೆಚ್ಚು, ಶಕ್ತಿ ಕಡಿಮೆ ಇದ್ದವರಿಗೆ ಸುದ್ದಿ ಮುಟ್ಟಿಸುತ್ತಿರಿ, ಸಾಕು. ಎಂಬಿಎ ಓದಿದವರಿಗೆಲ್ಲ ಈ ನಾಲ್ಕು ಚೌಕ ಗೊತ್ತಿರುತ್ತದೆ.

ಕಳೆದ ವರ್ಷ ಡೆಮೊಗೆ ಟೆಸ್ಟ್ ಡೇಟಾ ತುಂಬಬೇಕಿತ್ತು. ಎಲ್ಲರೂ ಮಾಡುವ ಹಾಗೆ ‘ಟೆಸ್ಟ್ ಯೂಸರ್ 1’, ‘ಟೆಸ್ಟ್ ಯೂಸರ್ 2’ ಅಂತ ಹಾಕಿ ಮುಗಿಸಬಹುದಿತ್ತು. ಅವತ್ತು ಯಾಕೋ ಹಳೇ ಬಾಗಲಕೋಟೆಯನ್ನೇ ತುಂಬಿಸಿಬಿಟ್ಟೆ. ಒಂದು ಊರಿನ ಅರ್ಧ ಭಾಗ ಖಾಲಿ ಮಾಡಿಸಿ ಐದಾರು ಕಿಲೋಮೀಟರ್ ಆಚೆ ಹೊಸ ಊರು ಕಟ್ಟಿದ ಪ್ರಾಜೆಕ್ಟ್ ಅದು. ನಾನು ಅಲ್ಲಿ ಬಿಇ ಓದಿದವನು. ನಾಲ್ಕು ವರ್ಷ ಆ ಊರಿನ ಅನ್ನ ಉಂಡವನು. ಸರಿಯಾಗಿ ಹೇಳಬೇಕೆಂದರೆ ರೊಟ್ಟಿ.

ರೊಟ್ಟಿ ಕೊಡುತ್ತಿದ್ದದ್ದು ಒಬ್ಬ ಖಾನಾವಳಿ ಅವ್ವ. ನಮ್ಮ ಕಾಲೇಜು ಇದ್ದದ್ದು ವಿದ್ಯಾಗಿರಿಯಲ್ಲಿ. ಅಲ್ಲಿ ರೂಮಿನ ಬಾಡಿಗೆ ಜಾಸ್ತಿ ಅಂತ ನಾವು ನಾಲ್ಕು ಜನ ಹುಡುಗರು ಹಳೇ ಊರಿನಲ್ಲಿ ರೂಮ್ ಹಿಡಿದಿದ್ದೆವು. ಹಳೇ ಊರಿನಲ್ಲಿ ಬಾಡಿಗೆ ಯಾಕೆ ಕಡಿಮೆ ಅಂತ ಮೊದಲ ವರ್ಷ ನನಗೆ ಹೊಳೆದಿರಲಿಲ್ಲ. ಗೋಡೆ ಸುಣ್ಣ ಕಂಡು ವರ್ಷಗಳಾಗಿದ್ದವು, ಮಾಳಿಗೆ ಸೋರುತ್ತಿತ್ತು, ಬಾಗಿಲ ಚೌಕಟ್ಟಿನ ಪಕ್ಕ ಕೆಂಪು ಬಣ್ಣದಲ್ಲಿ ಸರ್ವೆಯವರು ಬರೆದ ನಂಬರು. ಮಾಲೀಕರಿಗೆ ರಿಪೇರಿ ಮಾಡಿಸಿ ಅಂದರೆ ನಗುತ್ತಿದ್ದರು. “ನಾಳೆ ನೀರಾಗ ಹೋಗೂ ಮನಿಗೆ ಇವತ್ತ ರೊಕ್ಕಾ ಯಾಕ ಸುರಿಯೂದು?” ಆ ‘ನಾಳೆ’ ಬರುವುದಕ್ಕೆ ಅವರು ಎಷ್ಟು ವರ್ಷದಿಂದ ಕಾಯುತ್ತಿದ್ದರು ಅನ್ನುವುದು ನನಗೆ ಆಮೇಲೆ ತಿಳಿಯಿತು.

ಸ್ವಲ್ಪ ಹಿಂದಕ್ಕೆ ಹೋಗಿ ಹೇಳುತ್ತೇನೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲು ಇಟ್ಟರು. ಆಗಿನ್ನೂ ಅವರು ಪ್ರಧಾನಿಯಲ್ಲ. ಐದು ದಿನದಲ್ಲಿ ನೆಹರೂ ತೀರಿಕೊಂಡು, ಮುಂದಿನ ತಿಂಗಳು ಇವರು ಆ ಕುರ್ಚಿಗೆ ಬಂದರು. ಬಾಗಲಕೋಟೆ ಇರುವುದು ಘಟಪ್ರಭೆಯ ದಂಡೆಗೆ. ಘಟಪ್ರಭೆ ಹೋಗಿ ಕೃಷ್ಣೆಗೆ ಸೇರುವುದು ಚಿಕ್ಕಸಂಗಮದಲ್ಲಿ, ಆಲಮಟ್ಟಿಗಿಂತ ಸ್ವಲ್ಪ ಮೇಲೆ. ಕೃಷ್ಣೆಗೆ ಅಡ್ಡ ಕಟ್ಟಿದರೆ ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಏರುತ್ತದೆ. ಅಣೆಕಟ್ಟು ಎಲ್ಲೋ ಇದೆ, ಮುಳುಗುವುದು ಇನ್ನೆಲ್ಲೋ. ಹಿನ್ನೀರು ಅಂದರೆ ಇದೇ.

ಎಷ್ಟು ಮುಳುಗುತ್ತದೆ ಅನ್ನುವುದು ಒಂದೇ ಒಂದು ಸಂಖ್ಯೆಯ ಮೇಲೆ ನಿಂತಿತ್ತು: ಅಣೆಕಟ್ಟಿನಲ್ಲಿ ನೀರು ಎಷ್ಟು ಎತ್ತರದವರೆಗೆ ನಿಲ್ಲಿಸುತ್ತಾರೆ. ಕರ್ನಾಟಕ ಬಯಸಿದ್ದು ಸಮುದ್ರ ಮಟ್ಟದಿಂದ 524.256 ಮೀಟರ್. ಇವತ್ತು ನಿಂತಿರುವುದು 519.6. ವ್ಯತ್ಯಾಸ 4.656 ಮೀಟರ್, ಹತ್ತಿರ ಹತ್ತಿರ ಹದಿನೈದು ಅಡಿ. ಮಲೆನಾಡಿನ ಕಣಿವೆಯಲ್ಲಿ ಹದಿನೈದು ಅಡಿ ಅಂದರೆ ಗುಡ್ಡದ ಬುಡದ ಒಂದಿಷ್ಟು ಮರ. ನಮ್ಮ ಕಡೆಯ ಎರಿ ಭೂಮಿಯಲ್ಲಿ ಹದಿನೈದು ಅಡಿ ನೀರು ಏರಿದರೆ ಅದು ಹರಡುತ್ತ ಹರಡುತ್ತ ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ಕಣ್ಣಳತೆಯಲ್ಲಿ ಹೇಳಲಾಗದು.

ಈ ಒಂದು ಸಂಖ್ಯೆಯ ಸುತ್ತ ಯಾರೆಲ್ಲ ಇದ್ದರು ನೋಡಿ. ಬಚಾವತ್ ನ್ಯಾಯಮಂಡಳಿ 1970ರ ದಶಕದಲ್ಲಿ ಕೃಷ್ಣೆಯ ನೀರನ್ನು ಹಂಚಿತು: ಮಹಾರಾಷ್ಟ್ರಕ್ಕೆ 560 ಟಿಎಂಸಿ, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಈ ಹಂಚಿಕೆಯನ್ನು 2000ದ ಮೇ 31ರ ನಂತರ ಮರುಪರಿಶೀಲಿಸಬಹುದು ಅಂತಲೂ ಬರೆದಿಟ್ಟಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ರಿಲೀಸ್ ಡೇಟ್ ಫಿಕ್ಸ್ ಆಯಿತು. ಅಷ್ಟರೊಳಗೆ ಪಾಲಿನ ನೀರನ್ನು ಬಳಸಿ ತೋರಿಸದಿದ್ದರೆ ಮುಂದಿನ ಪಂಚಾಯ್ತಿಯಲ್ಲಿ ಬಾಯಿ ಸೋಲುತ್ತದೆ ಅನ್ನುವ ಭಯ ಕರ್ನಾಟಕಕ್ಕೆ. ವಿಶ್ವಬ್ಯಾಂಕ್ ಸಾಲ ಕೊಡುತ್ತಿತ್ತು. 1990ರ ದಶಕದಲ್ಲಿ ಪುನರ್ವಸತಿ ಸರಿಯಾಗಿ ನಡೆಯುತ್ತಿಲ್ಲ ಅಂತ ಅದು ಹಣ ಬಿಡುಗಡೆಯನ್ನೇ ತಡೆಹಿಡಿಯಿತು. ರಾಜ್ಯ 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಮಾಡಿ, ಬಾಂಡ್ ಮಾರಿ ದುಡ್ಡು ಎತ್ತಿತು. ಕೆಳಗಿನ ಆಂಧ್ರ ಎತ್ತರ ಬೇಡ ಅಂದಿತು. 1996ರಲ್ಲಿ ದಿಲ್ಲಿಯಲ್ಲಿ ಸಂಯುಕ್ತ ರಂಗದ ಸರ್ಕಾರ. ಪ್ರಧಾನಿ ನಮ್ಮ ದೇವೇಗೌಡರು, ಅದೇ ರಂಗದ ಬಲವಾದ ಕಂಬ ಆಂಧ್ರದ ಚಂದ್ರಬಾಬು ನಾಯ್ಡು. ನಾಲ್ವರು ಮುಖ್ಯಮಂತ್ರಿಗಳು ಕೂತು ಒಂದು ತಜ್ಞರ ಸಮಿತಿ ಮಾಡಿದರು. ಸದ್ಯಕ್ಕೆ 519.6 ಮೀಟರ್ ಸಾಕು ಅಂತ ಸಮಿತಿ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2000ದ ಏಪ್ರಿಲ್ 25ರಂದು ಅದೇ 519.6ಕ್ಕೆ ಮುದ್ರೆ ಬಿತ್ತು. ಗಡುವಿಗೆ ಐದು ವಾರ ಬಾಕಿ ಇರುವಾಗ!

ಇವರೆಲ್ಲರೂ ನನ್ನ ಸ್ಕ್ರೀನಿನ ಮೇಲಿನ ಬಲಗಡೆ ಚೌಕದಲ್ಲಿ ನೆಮ್ಮದಿಯಾಗಿ ಕೂತರು. ಶಕ್ತಿ ಹೆಚ್ಚು, ಆಸಕ್ತಿ ಹೆಚ್ಚು. ಖಾನಾವಳಿ ಅವ್ವನನ್ನು ಎಲ್ಲಿ ಹಾಕಬೇಕು ಅಂತ ಯೋಚಿಸುವ ಕೆಲಸವೇ ಇರಲಿಲ್ಲ. ಆಸಕ್ತಿ ಹೆಚ್ಚು, ಶಕ್ತಿ ಕಡಿಮೆ. ಸುದ್ದಿ ಮುಟ್ಟಿಸುತ್ತಿರಿ.

ಸುದ್ದಿಯಾದರೂ ಮುಟ್ಟಿತಾ ಅಂದರೆ, ಮುಟ್ಟಿತು. ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಸುದ್ದಿ. ಬಾಗಲಕೋಟೆ ಪಟ್ಟಣಾಭಿವೃದ್ಧಿ ಪ್ರಾಧಿಕಾರಕ್ಕೆ ಅಂತಲೇ 1983ರಲ್ಲಿ ಕಾಯ್ದೆ ಬಂತು. (ಸ್ಟೇಕ್‌ಹೋಲ್ಡರ್ ಅನ್ನುವ ಶಬ್ದವನ್ನು ಮ್ಯಾನೇಜ್‌ಮೆಂಟ್ ಜಗತ್ತಿನ ಮನೆಮಾತು ಮಾಡಿದ ಎಡ್ವರ್ಡ್ ಫ್ರೀಮನ್ ಅವರ ಪುಸ್ತಕ ಬಂದದ್ದು 1984ರಲ್ಲಿ. ನಮ್ಮ ಕಾಯ್ದೆ ಒಂದು ವರ್ಷ ಮುಂದೆ ಇತ್ತು ಅಂತ ಹೆಮ್ಮೆ ಪಡಬಹುದು.) ನವಿ ಮುಂಬಯಿಯ ಯೋಜನೆಯಲ್ಲಿ ಕೈಯಾಡಿಸಿದ್ದ ಚಾರ್ಲ್ಸ್ ಕೊರಿಯಾ ಅಂಥ ದೊಡ್ಡ ವಾಸ್ತುಶಿಲ್ಪಿ ಹೊಸ ಊರಿನ ನಕ್ಷೆಗೆ ಕೂತರು. ಅಗಲ ರಸ್ತೆ, ಸೆಕ್ಟರ್ ನಂಬರು, ಉದ್ಯಾನಕ್ಕೆ ಜಾಗ. ಹೆಸರು ನವನಗರ. ಹಳೇ ಊರಿನಲ್ಲಿ ಕಿಲ್ಲಾ, ಜೈನಪೇಟ, ವೆಂಕಟಪೇಟ ಅಂತ ವಿಳಾಸ ಹೇಳುತ್ತಿದ್ದವರು ಸೆಕ್ಟರ್ ನಂಬರು, ಪ್ಲಾಟ್ ನಂಬರು ಹೇಳಲು ಕಲಿತರು.

ಮೊದಲ ಸುತ್ತಿನಲ್ಲಿ 521 ಮೀಟರಿನ ಕೆಳಗಿದ್ದ ಕಟ್ಟಡಗಳು. ಆಮೇಲೆ 521ರಿಂದ 523ರ ನಡುವಿನವು. ಅದಾದ ಮೇಲೆ 523ರಿಂದ 525. ಒಂದೇ ಓಣಿಯಲ್ಲಿ, ಒಂದೇ ಸಾಲಿನಲ್ಲಿ, ಎಡಗಡೆ ಮನೆಗೆ ಪರಿಹಾರ ಬಂದು ನವನಗರದಲ್ಲಿ ಸೈಟು ಸಿಕ್ಕರೆ ಬಲಗಡೆ ಮನೆಗೆ ಏನೂ ಇಲ್ಲ. ಯಾಕೆಂದರೆ ಅದರ ಅಂಗಳ ಎರಡು ಗೇಣು ಮೇಲಿದೆ.

ನನಗೆ ಅನಿಸುವುದು ಇಷ್ಟು. ಉತ್ತರಾಖಂಡದ ಹಳೇ ತೆಹ್ರಿ ಊರಿಗೆ ಊರೇ ಮುಳುಗಿತು. ಅದು ದೊಡ್ಡ ದುಃಖ, ಆದರೆ ಅದಕ್ಕೊಂದು ದಿನಾಂಕವಿದೆ. ಬಾಗಲಕೋಟೆ ಅರ್ಧ ಮುಳುಗಿತು. ಉಳಿದರ್ಧ ಮುಳುಗುತ್ತದೋ ಇಲ್ಲವೋ ಅನ್ನುವುದು ದಿಲ್ಲಿಯಲ್ಲಿ, ಹೈದರಾಬಾದಿನಲ್ಲಿ, ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ ತೀರ್ಮಾನವಾಗಬೇಕು. ಮುಳುಗದ ಊರಿನ ಜನ ಮುಳುಗಡೆಯವರ ಹಾಗೆ ಬದುಕಿದರು. ಮನೆ ಮಾರಲು ಹೋದರೆ ಕೊಳ್ಳುವವರಿಲ್ಲ, ಕಟ್ಟಲು ಹೋದರೆ ಧೈರ್ಯವಿಲ್ಲ, ಸಾಲ ಕೇಳಲು ಹೋದರೆ ಅಡವಿಗೆ ಬೆಲೆಯಿಲ್ಲ. ರಿಸ್ಕ್ ರಿಜಿಸ್ಟರಿನಲ್ಲಿ ನಾವು ‘ವಿಳಂಬ’ ಅಂತ ಒಂದು ಸಾಲು ಬರೆದು ಅದರ ಮುಂದೆ ಪ್ರಾಜೆಕ್ಟಿಗೆ ಆಗುವ ನಷ್ಟ ಬರೆಯುತ್ತೇವೆ. ಗೋಡೆ ಮೇಲೆ ನಂಬರು ಬರೆಸಿಕೊಂಡು ಕೂತವರಿಗೆ ವಿಳಂಬದಿಂದ ಎಷ್ಟು ನಷ್ಟ ಅನ್ನಲು ಆ ಸ್ಕ್ರೀನಿನಲ್ಲಿ ಕಾಲಮ್ಮೇ ಇಲ್ಲ. ಗೊತ್ತಿದೆ ಯಾಕೆಂದರೆ ಆ ಟೇಬಲ್ ಡಿಸೈನ್ ಮಾಡಿದವನು ನಾನೇ.

ಅವ್ವನ ಮನೆಯದು ಎರಡೂ ಥರದ ಕಥೆ. ಬಜಾರದಲ್ಲಿ ಅವರದೊಂದು ಅಂಗಡಿ ಇತ್ತಂತೆ, ಗೆರೆಯ ಕೆಳಗೆ. ವಾಸದ ಮನೆ ಗೆರೆಯ ಮೇಲೆ. ಅಂಗಡಿ ಅವರ ಯಜಮಾನರು ಮತ್ತು ಅವರ ತಮ್ಮನ ಜಂಟಿ ಹೆಸರಿನಲ್ಲಿತ್ತು. ಐತೀರ್ಪು ಬಂತು, ಚೆಕ್ ಇಸಿದುಕೊಳ್ಳಲು ಅಣ್ಣ ತಮ್ಮ ಬೇರೆ ಬೇರೆ ದಿನ ಹೋದರು. ಯಜಮಾನರ ಜೊತೆ ಹೋಗಿದ್ದ ಪರಿಚಯದವರೊಬ್ಬರು, ಸುಮ್ಮನೆ ಸಹಿ ಮಾಡ್ರಿ, ತಕರಾರು ಗಿಕರಾರು ಬರೆದರೆ ಹಣ ನಿಲ್ಲುತ್ತದೆ ಅಂದರಂತೆ. ಇವರು ಸಹಿ ಮಾಡಿ ಬಂದರು. ತಮ್ಮ ಒಬ್ಬ ವಕೀಲರನ್ನು ಕೇಳಿಕೊಂಡು ಹೋಗಿದ್ದ. ‘ತಕರಾರು ಕಾಯ್ದಿರಿಸಿ ಹಣ ಪಡೆದಿದ್ದೇನೆ’ ಅಂತ ಒಂದು ಸಾಲು ಬರೆದು ಸಹಿ ಹಾಕಿದ.

ಆ ಒಂದು ಸಾಲಿನ ಬೆಲೆ ಏನು ಅಂತ ನಾನು ಬಹಳ ವರ್ಷದ ಮೇಲೆ 1894ರ ಭೂಸ್ವಾಧೀನ ಕಾಯ್ದೆ ತೆಗೆದು ಓದಿದೆ. ತಕರಾರಿಲ್ಲದೆ ಹಣ ಪಡೆದವರು 18ನೇ ಸೆಕ್ಷನ್ ಕೆಳಗೆ ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಕಳಿಸಿ ಅಂತ ಅರ್ಜಿ ಹಾಕುವಂತಿಲ್ಲ. ತಕರಾರು ಬರೆದವರು ಹಾಕಬಹುದು. ಕೋರ್ಟು ದರ ಹೆಚ್ಚಿಸಿದರೆ, ಹೆಚ್ಚಾದ ಮೊತ್ತದ ಮೇಲೆ ಜಾಗ ವಶಕ್ಕೆ ಪಡೆದ ದಿನದಿಂದ ಮೊದಲ ವರ್ಷ ಶೇ 9, ಆಮೇಲೆ ಪ್ರತಿ ವರ್ಷ ಶೇ 15 ಬಡ್ಡಿ. ಲೆಕ್ಕ ಹಾಕಿ ನೋಡಿ: ಕೋರ್ಟು ಒಂದು ಲಕ್ಷ ಹೆಚ್ಚಿಸಿ, ಅದಕ್ಕೆ ಹತ್ತು ವರ್ಷ ಹಿಡಿದರೆ, ಕೈಗೆ ಬರುವುದು 2.44 ಲಕ್ಷ. ನಮ್ಮ ನಿಮ್ಮ ಹೋಮ್ ಲೋನಿನಲ್ಲಿ ಬ್ಯಾಂಕು ಕೂಡ ಇಷ್ಟು ತಿನ್ನುವುದಿಲ್ಲ. ಆಲಮಟ್ಟಿ ಮುಳುಗಡೆಯ ಊರುಗಳಲ್ಲಿ ಪರಿಹಾರ ಹೆಚ್ಚಿಸಿದ ತೀರ್ಪುಗಳು ಸಾಲು ಸಾಲಾಗಿ ಬಂದವು. ಶಕ್ತಿ ಕಡಿಮೆ ಅಂತ ಕೆಳಗಿನ ಚೌಕಕ್ಕೆ ತಳ್ಳಿದ್ದ ಜನ, ಒಂದು ಸಾಲು ಬರೆದು ಸಹಿ ಹಾಕಿದ್ದರಿಂದ, ಖಜಾನೆಗೆ ಅತಿ ದೊಡ್ಡ ರಿಸ್ಕ್ ಆಗಿ ಮೇಲೆ ಬಂದರು. ಯೋಜನೆಯ ವೆಚ್ಚ ಏರಿದ್ದಕ್ಕೆ ಸಿಮೆಂಟು ಕಬ್ಬಿಣದ ಜೊತೆ ಈ ಬಡ್ಡಿಯೂ ಸೇರಿದೆ.

ಸಹಿ ತಪ್ಪಿದವರಿಗೂ ಕಾಯ್ದೆಯಲ್ಲಿ ಒಂದು ಹಿಂಬಾಗಿಲು ಇತ್ತು. 1984ರ ತಿದ್ದುಪಡಿಯಲ್ಲಿ 28-ಎ ಅಂತ ಸೇರಿಸಿದರು: ಅದೇ ಅಧಿಸೂಚನೆಯ ಇನ್ನೊಬ್ಬರಿಗೆ ಕೋರ್ಟು ದರ ಹೆಚ್ಚಿಸಿದರೆ, ಕೋರ್ಟಿಗೆ ಹೋಗದೆ ಉಳಿದವರೂ ತೀರ್ಪಿನ ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ಅದೇ ದರ ಕೇಳಬಹುದು. ಬಡವರಿಗಾಗಿಯೇ ಮಾಡಿದ ಸೆಕ್ಷನ್. ಮೂರು ತಿಂಗಳು. ಅವ್ವನ ಮನೆಯಲ್ಲಿ ಆ ಹೊತ್ತಿಗೆ ಯಜಮಾನರು ತೀರಿಕೊಂಡಿದ್ದರು, ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿತ್ತು, ಮೈದುನನಿಗೆ ದರ ಹೆಚ್ಚಾದ ಸುದ್ದಿ ಅವ್ವನಿಗೆ ಮುಟ್ಟಿದ್ದು ಒಂದು ಮದುವೆಯ ಪಂಕ್ತಿಯಲ್ಲಿ, ವರ್ಷ ದಾಟಿದ ಮೇಲೆ. ಹಾಗಾಗಿ ಮನೆಯ ಪಡಸಾಲೆಯಲ್ಲೇ ಖಾನಾವಳಿ ಶುರುವಾಯಿತು.

“ನನ್ನ ಗಿರಾಕಿ ಎಲ್ಲಾ ನವನಗರಕ್ಕ ಹೋದ್ರು ತಮ್ಮಾ, ಮನಿ ಅಷ್ಟ ಇಲ್ಲೇ ಉಳೀತು,” ಅನ್ನುತ್ತಿದ್ದಳು ಅವ್ವ. ಗೋಡೆ, ಬಾಗಿಲು, ಕಂಬ, ಬಾವಿ ಎಲ್ಲದಕ್ಕೂ ದರಪಟ್ಟಿ ಇರುತ್ತದೆ. ಓಣಿಯ ಗಿರಾಕಿಗಳಿಗೆ ಯಾವ ದರಪಟ್ಟಿಯೂ ಇಲ್ಲ.

ನವನಗರವನ್ನು ನಾನು ಬೈಯಲು ಹೊರಟಿಲ್ಲ. ಅದು ಚೆನ್ನಾಗಿಯೇ ನಿಂತಿದೆ, ಮತ್ತು ಅದು ನಿಂತದ್ದಕ್ಕೆ ಒಂದು ಕಾರಣ ನನಗೆ ಬಹಳ ಕುತೂಹಲದ್ದು. 1997ರ ಆಗಸ್ಟ್ 15ರಂದು ವಿಜಯಪುರ ಜಿಲ್ಲೆ ಒಡೆದು ಬಾಗಲಕೋಟೆ ಜಿಲ್ಲೆಯಾಯಿತು. ಜಿಲ್ಲಾ ಕಚೇರಿಗಳು ನವನಗರಕ್ಕೆ ಬಂದವು. ಡಿಸಿ ಆಫೀಸು ಬಂದರೆ ಅದರ ಹಿಂದೆ ಜೆರಾಕ್ಸ್ ಅಂಗಡಿ ಬರುತ್ತದೆ, ಚಹಾದಂಗಡಿ ಬರುತ್ತದೆ, ಬಾಡಿಗೆ ಮನೆ ಬರುತ್ತದೆ. ಸೈಟು ಸಿಕ್ಕರೂ ಹೋಗಲು ಮನಸ್ಸಿಲ್ಲದವರಿಗೆ ಹೋಗಲು ಒಂದು ಕಾರಣ ಸಿಕ್ಕಿತು. ನಕ್ಷೆ ಎಷ್ಟೇ ಚಂದವಿರಲಿ, ಅದರಲ್ಲಿ ನಾಳೆ ಬೆಳಿಗ್ಗೆ ಹೊಟ್ಟೆಪಾಡಿಗೆ ಏನು ಅಂತ ಕಾಣದಿದ್ದರೆ ಜನ ಕದಲುವುದಿಲ್ಲ.

ನಮ್ಮ ಕಡೆ ಇಂಥ ಹೊಸ ಊರುಗಳ ಇತಿಹಾಸ ಉದ್ದ ಇದೆ. ನಮ್ಮೂರು ಕನಮಡಿ, ತಿಕೋಟಾ ತಾಲ್ಲೂಕು, ಆಚೆಗೆ ಜತ್ತ, ಮಹಾರಾಷ್ಟ್ರ. ಕನಮಡಿಯಿಂದ ವಿಜಯಪುರಕ್ಕೆ ಬಸ್ಸು ತಿಕೋಟಾ ದಾಟಿ ತೊರವಿ ಮೇಲೆ ಹೋಗುತ್ತದೆ. ತೊರವಿಯ ಹತ್ತಿರ ಸಂಗೀತ ಮಹಲಿನ ಕಮಾನುಗಳು ಕಾಣುತ್ತವೆ. ಅದು ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಕಟ್ಟಲು ಶುರು ಮಾಡಿದ ನವರಸಪುರ. ರಾಜಧಾನಿಯ ಮಗ್ಗುಲಲ್ಲೇ ಇನ್ನೊಂದು ರಾಜಧಾನಿ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ಬಂದು ಅದನ್ನು ಹಾಳುಗೆಡವಿದ. ಇಪ್ಪತ್ತೈದು ವರ್ಷದ ಆಯುಷ್ಯ. ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿ ಅರ್ಧ ಕಟ್ಟಿ ಬಿಟ್ಟ ಕಲ್ಯಾಣ ಮಂಟಪ ಅಂದುಕೊಂಡಿದ್ದೆ. ಆಮೇಲೆ ಬ್ರಿಟಿಷರ ಕಾಲದ ಕಲಾದಗಿ. ಅದು ಜಿಲ್ಲಾ ಕೇಂದ್ರವಾಗಿತ್ತು. 1885ರಲ್ಲಿ ಕೇಂದ್ರವನ್ನು ಎತ್ತಿ ವಿಜಯಪುರಕ್ಕೆ ಒಯ್ದರು, ಆದಿಲ್‌ಶಾಹಿ ಅರಮನೆಗಳು ಸಾಹೇಬರ ಕಚೇರಿಗಳಾದವು. ಕಲಾದಗಿ ಮತ್ತೆ ಹಳ್ಳಿಯಾಯಿತು. ಅಲ್ಲಿ ಅಂಗಡಿ ಕಟ್ಟಿಕೊಂಡಿದ್ದವರು ಯಾವ ಚೌಕದಲ್ಲಿ ಕೂತಿದ್ದರೋ. ನೂರಾ ಹನ್ನೆರಡು ವರ್ಷದ ಮೇಲೆ ಜಿಲ್ಲಾ ಕಚೇರಿಗಳು ಕಲಾದಗಿಯ ನೆರೆಗೇ, ನವನಗರಕ್ಕೆ, ವಾಪಸು ಬಂದವು.

ಇಲ್ಲಿಯವರೆಗೆ ಓದಿದವರಿಗೆ ನಾನು ಪೂರ್ತಿ ಅವ್ವನ ಪಕ್ಷದವನು ಅನಿಸಿರಬಹುದು. ಆದ್ದರಿಂದ 2010ರ ಡಿಸೆಂಬರ್ 30ರ ವಿಷಯ ಹೇಳಲೇಬೇಕು.

ಕನಮಡಿ ಕೃಷ್ಣೆಯಿಂದ ದೂರ. ನಮ್ಮದು ಬಿಳಿಜೋಳದ ನೆಲ, ಆಮೇಲೆ ದ್ರಾಕ್ಷಿಯ ನೆಲ. ಮಳೆ ಕೈಕೊಟ್ಟ ವರ್ಷ ದ್ರಾಕ್ಷಿ ಬಳ್ಳಿ ಉಳಿಸಿಕೊಳ್ಳಲು ಟ್ಯಾಂಕರಿನಿಂದ ನೀರು ತರಿಸಿದ ಕುಟುಂಬ ನಮ್ಮದು. ಬೋರು ಹೊಡೆಸಿ, ಅದು ಬತ್ತಿ, ಇನ್ನೊಂದು ಹೊಡೆಸಿ, ಅದೂ ಬತ್ತಿ, ಅಪ್ಪ ಒಣಗಿದ ಬಳ್ಳಿಯ ಬುಡದಲ್ಲಿ ಕೂತದ್ದನ್ನು ನಾನು ನೋಡಿದ್ದೇನೆ. ಕೃಷ್ಣೆಯ ನೀರು ಎಂದಾದರೂ ನಮ್ಮ ಕಡೆ ಏರಿ ಬರುತ್ತದೆ ಅನ್ನುವುದು ನಮ್ಮಲ್ಲಿ ಒಂದು ದೇವರ ವಾಕ್ಯದ ಹಾಗೆ ಇತ್ತು. ಅವತ್ತು ಸಂಜೆ ಖಾನಾವಳಿಯಲ್ಲಿ ಊಟಕ್ಕೆ ಕೂತಾಗ ಟಿವಿಯಲ್ಲಿ ಸುದ್ದಿ: ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯ ತೀರ್ಪು, ಆಲಮಟ್ಟಿ ಎತ್ತರ 524.256 ಮೀಟರಿಗೆ ಏರಿಸಲು ಒಪ್ಪಿಗೆ. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ವಿಜಯಪುರ ಕಡೆಯ ಇನ್ನೊಬ್ಬ ಹುಡುಗ ಸೀಟಿ ಹಾಕಿದ.

ಪಡಸಾಲೆಯಲ್ಲಿ ಉಳಿದವರು ಯಾರೂ ಮಾತಾಡಲಿಲ್ಲ. ಊರಿನ ಇಬ್ಬರು ಹಿರಿಯರು ತಾಟಿನಲ್ಲೇ ಕೈ ತೊಳೆದು ಎದ್ದರು. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಹೇಳಿದಳು: “ನಿಮ್ಮೂರಿಗೆ ನೀರ ಬರಲೆಪಾ, ಬ್ಯಾಡ ಅನ್ನಂಗಿಲ್ಲ. ನೀ ಉಣ್ಣಾಕತ್ತೀಯಲ್ಲ ಆ ಜಾಗಾ ಎಷ್ಟ ಮೀಟರಿನ್ಯಾಗ ಐತಿ, ಗೊತ್ತೈತೇನು?”

ಗೊತ್ತಿರಲಿಲ್ಲ. ಎರಡು ವರ್ಷದಿಂದ ಆ ಬಾಗಿಲ ಪಕ್ಕದ ಕೆಂಪು ನಂಬರು ನೋಡುತ್ತಲೇ ಒಳಗೆ ಬರುತ್ತಿದ್ದೆ. ಅವತ್ತು ಎಣಗಾಯಿ ಗಂಟಲಲ್ಲಿ ಇಳಿಯಲಿಲ್ಲ. ಅವ್ವ ಮಾತ್ರ ಎಂದಿನ ಹಾಗೆ ಕೊನೆಗೆ ಮೊಸರು ಹಾಕಿದಳು. ಅಲ್ಲಿ ಊಟಕ್ಕೆ ಮೊಸರು ಲೆಕ್ಕಕ್ಕಿಲ್ಲ, ಕೇಳಿದಷ್ಟು.

ಆ ತೀರ್ಪು ಗೆಜೆಟ್ಟಿನಲ್ಲಿ ಬಂದರೆ ಮಾತ್ರ ಜಾರಿ. 2011ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ತನ್ನ ಆದೇಶದವರೆಗೆ ಪ್ರಕಟಿಸಬೇಡಿ ಅಂತ ತಡೆ ಕೊಟ್ಟಿತು. ನಾನು ಡಿಗ್ರಿ ಮುಗಿಸಿದೆ, ಬೆಂಗಳೂರಿಗೆ ಬಂದೆ, ಮೂರು ಕಂಪನಿ ಬದಲಿಸಿದೆ, ಮದುವೆಯಾದೆ. ತಡೆ ಹಾಗೇ ಇತ್ತು. ನಡುವೆ 2014ರ ಜನವರಿ 1ರಿಂದ 1894ರ ಹಳೇ ಕಾಯ್ದೆ ಹೋಗಿ ಹೊಸ ಭೂಸ್ವಾಧೀನ ಕಾಯ್ದೆ ಬಂತು; ಪರಿಹಾರದ ದರ ಬಹಳ ಏರಿತು, ಏರಿದ್ದರಿಂದಲೇ ಸರ್ಕಾರದ ಕೈ ಇನ್ನಷ್ಟು ಬಿಗಿಯಾಯಿತು. ಮಹಾರಾಷ್ಟ್ರ, 2005 ಮತ್ತು 2019ರಲ್ಲಿ ಸಾಂಗ್ಲಿ ಕೊಲ್ಲಾಪುರದಲ್ಲಿ ಬಂದ ಮಹಾಪೂರವನ್ನು ತೋರಿಸಿ, ಎತ್ತರಕ್ಕೆ ಬೇಡ ಅನ್ನುತ್ತ ಬಂತು. ಮೇಲಿನ ಬಲಗಡೆ ಚೌಕದಲ್ಲಿ ಜನ ಹೆಚ್ಚುತ್ತ ಹೋದರು.

ನಮ್ಮ ಕಡೆಗೆ ಮಾತ್ರ ನೀರು ಬಂತು. ತುಬಚಿ-ಬಬಲೇಶ್ವರ ಏತ ನೀರಾವರಿಯಲ್ಲಿ ಕೃಷ್ಣೆಯ ನೀರು ಎತ್ತಿ ತಿಕೋಟಾ, ಬಬಲೇಶ್ವರ ಭಾಗದ ಕೆರೆ ತುಂಬಿಸಿದರು. ಆಲಮಟ್ಟಿ ಜಲಾಶಯದಿಂದ ಮುಳವಾಡ ಏತ ನೀರಾವರಿಯ ಕಾಲುವೆಗಳು ಬಂದವು. ವಿಜಯಪುರ ನಗರದ ನಲ್ಲಿಯಲ್ಲಿ ಬರುವುದೂ ಕೊಲ್ಹಾರದ ಹಿನ್ನೀರೇ. ಪಿಯುಸಿ ಓದುವಾಗ ಎರಡು ವರ್ಷ ಕುಡಿದೆ, ಅದು ಯಾರ ಹೊಲದ ಮೇಲೆ ನಿಂತ ನೀರು ಅಂತ ಒಂದು ದಿನವೂ ಕೇಳಿಕೊಳ್ಳಲಿಲ್ಲ. ಮೊಸರಿಗೆ ಹೆಸರಾದ ಆ ಕೊಲ್ಹಾರವೂ ಹಳೇ ಜಾಗ ಬಿಟ್ಟು ಮೇಲೆ ಬಂದು ಕೂತ ಊರೇ. ಈಗ ಊರಿಗೆ ಹೋದರೆ ಅಪ್ಪ ಬಾವಿಯ ನೀರು ತೋರಿಸಲು ಕರೆದೊಯ್ಯುತ್ತಾನೆ, ಮೊಮ್ಮಗುವನ್ನು ತೋರಿಸುವ ಹಾಗೆ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮತ್ತೆ ದರ ನಿಗದಿ ಮಾಡಿತು. 524.256ಕ್ಕೆ ಏರಿಸಿದರೆ ಮುಳುಗುವ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ. ಒಪ್ಪಿಗೆಯ ಐತೀರ್ಪು ಮಾಡಿಕೊಳ್ಳುವುದು, ಅಂದರೆ ರೈತ ಸಹಿ ಹಾಕಿದ ಮೇಲೆ ಕೋರ್ಟಿಗೆ ಹೋಗುವ ಮಾತಿಲ್ಲ. ಮೂವತ್ತು ವರ್ಷದ ಬಡ್ಡಿ ಕಟ್ಟಿದ ಮೇಲೆ ಸರ್ಕಾರ ಕಲಿತ ಪಾಠ ಅದು. ‘ತಕರಾರು ಕಾಯ್ದಿರಿಸಿ’ ಅನ್ನುವ ಆ ಸಾಲನ್ನು ಈ ಸಲ ಮೊದಲೇ ದುಡ್ಡು ಕೊಟ್ಟು ಕೊಂಡುಕೊಳ್ಳುವ ಲೆಕ್ಕ. ಎಕರೆಯ ದರ ಹೊರಬಿತ್ತು. ಓಣಿಯಲ್ಲಿ ಇರುವವರಿಗೆ ಎಕರೆ ಎಲ್ಲಿಯದು?

ಆ ಸುದ್ದಿ ಬಂದ ಎರಡು ವಾರಕ್ಕೆ ಅವ್ವನ ಫೋನು. ವರ್ಷಕ್ಕೊಮ್ಮೆ, ಹೋಳಿಯ ಹೊತ್ತಿಗೆ, ಬಣ್ಣದ ಬಂಡಿ ನೋಡಾಕ ಬಾ ಅಂತ ಫೋನ್ ಮಾಡುವ ರೂಢಿ ಅವಳದು. ನವನಗರಕ್ಕೆ ಹೋದವರೂ ಹೋಳಿಗೆ ಹಳೇ ಊರಿಗೆ ಬಂದು ಹಲಗೆ ಹಿಡಿಯುತ್ತಾರೆ. ಅವತ್ತು ಅವಳ ಗಿರಾಕಿಗಳೆಲ್ಲ ಅಲ್ಲೇ ಇರುತ್ತಾರೆ. ಈ ಸಲ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂತು.

“ತಮ್ಮಾ, ನೀ ಕಂಪ್ಯೂಟರಿನ್ಯಾಗ ಇದ್ದೀ. ಮ್ಯಾಲಿಂದ ಎಲ್ಲಾರ ಮನಿ ಕಾಣತಾವಂತಲ್ಲ. ನಮ್ಮ ಮನಿ ಎಷ್ಟ ಮೀಟರಿಗೈತಿ ಅಷ್ಟ ನೋಡಿ ಹೇಳಪಾ. ಗ್ವಾಡಿ ಮ್ಯಾಲಿನ ನಂಬರ ಅಳಿಸಿ ಹೋಗೇತಿ.”

ರಾತ್ರಿ ಲ್ಯಾಪ್‌ಟಾಪ್ ತೆಗೆದೆ. ಓಣಿ ಸಿಕ್ಕಿತು, ಮಾಳಿಗೆ ಸಿಕ್ಕಿತು, ಅಂಗಳದ ಬೇವಿನ ಮರದ ನೆರಳು ಕೂಡ ಸಿಕ್ಕಿತು. ಒಂದು ಮ್ಯಾಪು 522 ಅಂದಿತು. ಇನ್ನೊಂದು 527. ಅಲ್ಲೇ ಊರಲ್ಲಿರುವ ಗೆಳೆಯನಿಗೆ ಹೇಳಿ ಅವನ ಫೋನನ್ನು ಅವ್ವನ ಹೊಸ್ತಿಲ ಮೇಲೆ ಇಡಿಸಿದೆ. ಅದು ಹತ್ತು ನಿಮಿಷದಲ್ಲಿ ಮೂರು ಬೇರೆ ಬೇರೆ ಸಂಖ್ಯೆ ತೋರಿಸಿತು. ಫೋನಿನ ಜಿಪಿಎಸ್ ಎತ್ತರ ಅಳೆಯುವಾಗ ಆಗುವ ತಪ್ಪೇ ಆ 4.656 ಮೀಟರಿಗಿಂತ ದೊಡ್ಡದು. ಮೂರು ರಾಜ್ಯ ಮೂವತ್ತು ವರ್ಷ ಜಗಳಾಡಿದ ಅಂತರ ನನ್ನ ಯಾವ ಸಾಧನದಲ್ಲೂ ಕಾಣುವಷ್ಟು ಇರಲಿಲ್ಲ.

ಮರುದಿನ ಫೋನ್ ಮಾಡಿ ಹೇಳಿದೆ. “ಅವ್ವಾರ, ಇದರಾಗ ಖರೇ ಲೆಕ್ಕ ಸಿಗೂದಿಲ್ಲರಿ. ಸರ್ವೆಯವರೇ ಬಂದು ಅಳೀಬೇಕು.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಂಚಿನ ಮೇಲೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

“ಆತಪಾ. ದೀಪಾವಳಿ ಬಂತು. ಹಂಗಾರ ಈ ಸಲ ಸುಣ್ಣಾ ಹಚ್ಚಸ್ಲ್ಯೋ, ಬ್ಯಾಡೋ?”